ದಲಾಲ ಬಂಡೆಪ್ಪ ತೋರಿಸಿದ ಎಂಟನೆಯ ಮನೆ

೧೯೪೧ರ ಬೇಸಿಗೆಯಲ್ಲಿ ಗೊಬ್ಬೂರ ಬಿಟ್ಟು ಬಂದು ಅಫಜಲಪುರದಲ್ಲಿ ಅರಿವೆ ಅಂಗಡಿ ಹಾಕಿದೆ. ಕೊಳ್ಳಲು ಮನೆ ನೋಡಿ ನೋಡಿ ನಾನೂ ಹೆಂಡತಿ ಕಸ್ತೂರಿಬಾಯಿಯೂ ದಣಿದಿದ್ದೆವು. ದಲಾಲ ಬಂಡೆಪ್ಪ ತೋರಿಸಿದ ಏಳು ಮನೆಗಳಲ್ಲೂ ಅವನು ಹೇಳಿದ್ದು ಒಂದು, ಇದ್ದದ್ದು ಇನ್ನೊಂದು.

ಎಂಟನೆಯ ಮನೆಯ ಬೀಗ ತುಕ್ಕು ಹಿಡಿದಿತ್ತು. ಬಂಡೆಪ್ಪ ಅದನ್ನು ಕಲ್ಲಿನಿಂದ ಜಜ್ಜಿ ಒಡೆದು, “ಮೂರ ವರ್ಷ ಆತ್ರಿ, ಒಳಗ ಯಾರೂ ಕಾಲಿಟ್ಟಿಲ್ಲ” ಎಂದ. ತಾನು ಬೀದಿಯಲ್ಲೇ ನಿಂತ.

ಹೊರಗೆ ಸುಡುವ ಮಧ್ಯಾಹ್ನ. ಒಳಗೆ ಹಾಸುಗಲ್ಲು ಅಂಗಾಲು ಕೊರೆಯುವಷ್ಟು ತಣ್ಣಗಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಸುಟ್ಟ ವಾಸನೆ. ಕಸ್ತೂರಿ ಒಲೆಯಲ್ಲಿ ಕೈಯಾಡಿಸಿ, “ಬೂದಿ ಇನ್ನೂ ಬೆಚ್ಚಗದರಿ” ಎಂದಳು.

ಸಿಟ್ಟಿನಿಂದ ಬಾಗಿಲಿಗೆ ಬಂದೆ. “ಇಲ್ಲಿ ಯಾರೋ ಅಡಗಿ ಮಾಡಾಕತ್ತಾರ. ಮತ್ತ ಸುಳ್ಳ ಹೇಳಿದ್ರಲ್ಲ?”

ಬಂಡೆಪ್ಪ ತಲೆ ಎತ್ತಲಿಲ್ಲ. “ಇದೊಂದ ಮನಿ ವಿಷಯದಾಗ ಸುಳ್ಳ ಹೇಳಿಲ್ರಿ. ನೀವು ಕೇಳಿದ ಬೆಲೆಗೇ ಕೊಡಸ್ತೇನಿ. ನನಗ ಒಳಗ ಬಾ ಅನಬ್ಯಾಡ್ರಿ.”

ಇಡೀ ಮನೆ ಹುಡುಕಿದೆ. ಯಾರೂ ಇರಲಿಲ್ಲ, ಹಿತ್ತಲಿಗೆ ಬಾಗಿಲೂ ಇರಲಿಲ್ಲ. ಒಂಬತ್ತನೆಯ ಮನೆ ನೋಡುವ ಶಕ್ತಿ ನಮ್ಮಿಬ್ಬರಲ್ಲೂ ಉಳಿದಿರಲಿಲ್ಲ. ಅದನ್ನೇ ಕೊಂಡೆವು.

ಆರು ವರ್ಷವಾಯಿತು. ಕೆಡುಕೇನೂ ಆಗಿಲ್ಲ. ಆದರೆ ಅಡುಗೆಗೆ ಕೂತಾಗ ಕಸ್ತೂರಿ ತನ್ನ ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟೇ ಕೂರುತ್ತಾಳೆ. ಯಾಕೆಂದು ನಾನು ಕೇಳಿಲ್ಲ.