ಮಾಸ್ಕ್ ಇಲ್ಲದ ಸಾಕ್ಷಿ

ಟೇಕಲ್ ಬೆಟ್ಟದ ಹಿಂದಿನ ಹಳೆಯ ಕಲ್ಲುಕ್ವಾರಿಯ ಹೊಂಡದಿಂದ ಅಮರನಾಥನ ಹೆಣ ಮೇಲೆ ಬಂತು. ಬೆನ್ನಿನ ಸಿಲಿಂಡರ್ ತುಂಬ ಗಾಳಿಯಿತ್ತು. ಅದರ ವಾಲ್ವ್ ಮಾತ್ರ ಬಿಗಿಯಾಗಿ ಮುಚ್ಚಿತ್ತು.

"ಗಾಳಿ ಬೆನ್ನಿಗೆ ಕಟ್ಕೊಂಡೇ ಉಸಿರುಗಟ್ಟಿ ಸತ್ತವ್ನೆ ಮೇಡಂ" ಎಂದ ಹೆಡ್ ಕಾನ್‌ಸ್ಟೇಬಲ್ ಚನ್ನರಾಯಪ್ಪ.

ಸಬ್ ಇನ್ಸ್‌ಪೆಕ್ಟರ್ ರಮಾದೇವಿ ವಾಲ್ವನ್ನೇ ನೋಡಿದಳು. ಅದಿದ್ದದ್ದು ಕತ್ತಿನ ಹಿಂದೆ. ಯಾರೋ ಹಿಂದಿನಿಂದ ತಿರುಗಿಸಿದ್ದಾರೆ. ಯಾರು?

ಅಮರನಾಥ ಆ ಹೊಂಡದಲ್ಲಿ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಾಳಕ್ಕಿಳಿಯುವುದನ್ನು ಕಲಿಸುತ್ತಿದ್ದ. ಬೆಳಿಗ್ಗೆ ಅವನ ಜೊತೆ ನೀರಿಗಿಳಿದವರು ಇಬ್ಬರೇ. ಒಬ್ಬ ಶ್ರೀಧರ್, ಬೆಂಗಳೂರಿನವನು, ತಾನೂ ಸ್ಕೂಬಾ ಶಿಕ್ಷಕನಾಗಲು ಬಂದವನು. ಇನ್ನೊಬ್ಬ ಅಮರನಾಥನ ಸಹಾಯಕ ಮುನೇಶ್. ಸುತ್ತಮುತ್ತ ಯಾರು ಬಾವಿಗೆ ಬಿದ್ದರೂ ಎತ್ತಲು ಅವನೇ ಬೇಕು.

ಶ್ರೀಧರ್ ಹೇಳಿದ. "ನೀರೊಳಗೆ ಕಣ್ಣಿಗೆ ಹಾಕೋ ಗಾಜಿನ ಮಾಸ್ಕ್ ತೆಗೆಯೋ ಪರೀಕ್ಷೆ ಇತ್ತು ಮೇಡಂ. ಮಾಸ್ಕ್ ತೆಗೆದು ಕಣ್ಣು ಬಿಟ್ಟೆ. ಸರ್ ಹಿಂದೆ ಒಂದು ಕೈ ವಾಲ್ವ್ ತಿರುಗಿಸ್ತಾ ಇತ್ತು. ಮೊಣಕೈ ಕೆಳಗೆ ಆಂಜನೇಯನ ಹಚ್ಚೆ. ಗದೆ ಕೂಡ ಕಾಣಿಸ್ತು. ಮಾಸ್ಕ್ ಹಾಕ್ಕೊಳ್ಳೋ ಅಷ್ಟರಲ್ಲಿ ಎಲ್ಲಾ ಮುಗಿದಿತ್ತು."

ಆಂಜನೇಯನ ಹಚ್ಚೆ ಮುನೇಶನ ಕೈಯಲ್ಲಿತ್ತು.

* * *

ಸಾಲದ್ದಕ್ಕೆ ಹಿಂದಿನ ದಿನ ಮುನೇಶ್ ಹೇಳದೆ ಕೇಳದೆ ಒಬ್ಬನೇ ನೀರಿಗಿಳಿದಿದ್ದ. ಅಮರನಾಥ ಎಲ್ಲರೆದುರು ಬೈದಿದ್ದ. "ನೋಡ್ಕೋತೀನಿ ಬಿಡಿ" ಎಂದು ಇವನೂ ಕೂಗಾಡಿದ್ದ. ಇನ್ನೇನು ಬೇಕು? ಮುನೇಶನನ್ನು ಸ್ಟೇಷನ್ನಿಗೆ ಹಿಡಿದು ತಂದರು. ಇವತ್ತೇ ಕೋರ್ಟಿಗೆ ಹಾಜರುಪಡಿಸಿ ಎಂದು ಮೇಲಿನವರ ಫೋನು ಬಂತು.

"ನಾನು ಆಚೆ ದಡದ ಹತ್ರ ಹಗ್ಗ ಕಟ್ತಾ ಇದ್ದೆ. ಸಾರ್ನ ಮುಟ್ಟಿಲ್ಲ ಮೇಡಂ" ಎಂದಷ್ಟೇ ಹೇಳಿ ಮುನೇಶ್ ತಲೆ ತಗ್ಗಿಸಿದ.

ಸ್ಟೇಷನ್ ಬಾಗಿಲಲ್ಲಿ ಅವನ ತಾಯಿ ಆಂಜಿನಮ್ಮ ಅಳುತ್ತಿದ್ದಳು. "ಅಮ್ಮಾ, ನಾ ಕೊಡುಕು ಅಟ್ಲಾಂಟೋಡು ಕಾದು! ನನ್ನ ಮಗ ಅಂಥೋನಲ್ಲ ತಾಯಿ. ಬಾವಿಗೆ ಬಿದ್ದೋರ್ನ ಎತ್ತೋ ಕೈ ಅದು. ಒಳಗಾಕಿದ್ರೆ ನಾನು ಬದುಕಲ್ಲ."

ಬಾವಿ ಎಂದ ಕೂಡಲೇ ರಮಾದೇವಿಗೆ ತನ್ನ ಬಾಲ್ಯ ನೆನಪಾಯಿತು. ಅವಳೂ ವಕ್ಕಲೇರಿಯ ತೋಟದ ಬಾವಿಯಲ್ಲಿ ಈಜು ಕಲಿತವಳು. ಅಲ್ಲಿ ಮಕ್ಕಳದೊಂದು ಆಟ. ಬಿಳಿ ಕಲ್ಲನ್ನು ಬಾವಿಗೆಸೆದು, ಮುಳುಗಿ ತರಬೇಕು. ಕಣ್ಣು ಬಿಟ್ಟರೆ ಕಾಣುವುದು ಬರೀ ಬೆಳ್ಳನೆಯ ಮಬ್ಬು. ಕಲ್ಲು ಸಿಗುವುದು ತಡಕಾಡುವ ಕೈಗೇ.

ಹಾಗಿದ್ದರೆ ಹಚ್ಚೆ? ಅದೂ ಗದೆಯ ಸಮೇತ?

ಗೊತ್ತಿದ್ದರೂ ಖಾತ್ರಿ ಬೇಕಲ್ಲ. ಮುನೇಶನನ್ನು ಹೊಂಡಕ್ಕೆ ಕರೆದೊಯ್ದಳು. ದಡದಲ್ಲೇ ಇಬ್ಬರೂ ಮುಳುಗಿದರು. ಅವನು ಮುಖದ ಮುಂದೆಯೇ ಕೈ ಚಾಚಿದ. ಅವಳು ಕಣ್ಣು ಬಿಟ್ಟಳು. ಕಂದು ಬಣ್ಣದ ಮಬ್ಬೊಂದು ಅಲ್ಲಾಡಿತು, ಅಷ್ಟೇ. ಹಚ್ಚೆ ಹಾಗಿರಲಿ, ಬೆರಳೂ ಗೊತ್ತಾಗಲಿಲ್ಲ.

ಅಯ್ಯೋ ದೇವರೇ, ಎಂಥ ಅನ್ಯಾಯ ಮಾಡುವವಳಿದ್ದೆ ಎಂದುಕೊಂಡಳು.

* * *

ಅಮರನಾಥನ ಹೆಂಡತಿ ಶ್ರೀವಾಣಿ ಅತ್ತು ಅತ್ತು ಸೋತಿದ್ದಳು. ಶ್ರೀಧರನ ಹೆಸರೆತ್ತಿದ ಕೂಡಲೇ ತಲೆಯೆತ್ತಿದಳು.

"ಆ ಪರೀಕ್ಷೇಲಿ ಅವನು ಪದೇ ಪದೇ ಫೇಲಾಗ್ತಿದ್ದ ಮೇಡಂ. ಮಾಸ್ಕ್ ತೆಗೆದ್ರೆ ಸಾಕು, ಗಟ್ಟಿಯಾಗಿ ಕಣ್ಣು ಮುಚ್ಕೊಂಡು ಒದ್ದಾಡ್ತಾನಂತೆ. 'ಇವತ್ತೂ ಕಣ್ಣು ಬಿಡದಿದ್ರೆ ವಾಪಸ್ ಕಳಿಸ್ತೀನಿ. ಇಂಥೋನ ಕೈಗೆ ಇನ್ನೊಬ್ರ ಜೀವ ಕೊಡೋಕಾಗಲ್ಲ' ಅಂತ ಇವ್ರು ಬೆಳಿಗ್ಗೆ ಹೇಳೇ ಹೋದ್ರು."

* * *

ರಮಾದೇವಿ ಶ್ರೀಧರನನ್ನು ಹೊಂಡದ ದಡಕ್ಕೆ ಕರೆಸಿದಳು.

"ಮಾಸ್ಕ್ ಇಲ್ಲದೆ ಹಚ್ಚೆ ನೋಡಿದವರಲ್ವಾ ನೀವು? ಇಲ್ಲೇ ಮುಳುಗಿ. ನನ್ನ ಈ ಕೈಲಿ ಏನಿದೆ ಹೇಳಿ, ಸಾಕು."

ಶ್ರೀಧರ್ ನೀರಿಗಿಳಿದ. ನೀರು ಗದ್ದಕ್ಕೆ ಬಂತು. ತುಟಿಗೆ ಬಂತು. ಅಲ್ಲೇ ನಿಂತ. ನೀರು ಕಣ್ಣಿಗೆ ಮುಟ್ಟುವ ಮೊದಲೇ ಅವನ ರೆಪ್ಪೆಗಳು ಗಟ್ಟಿಯಾಗಿ ಮುಚ್ಚಿದ್ದವು.

"ಥೂ ನಿನ್ನ!" ಎಂದ ಚನ್ನರಾಯಪ್ಪ.

"ಮೇಲೆ ಬನ್ನಿ ಶ್ರೀಧರ್" ಎಂದಳು ರಮಾದೇವಿ. "ಮಾಸ್ಕ್ ಇಲ್ಲದೆ ನೀರಲ್ಲಿ ಕಣ್ಣು ಬಿಟ್ಟೋರಿಗೆ ಯಾರಿಗೂ ಹಚ್ಚೆ ಕಾಣಲ್ಲ. ನೀವು ಒಂದ್ಸಲನೂ ಬಿಟ್ಟೋರಲ್ಲ, ಅದಕ್ಕೇ ಅದು ನಿಮಗೆ ಗೊತ್ತಿಲ್ಲ. ಮುನೇಶನ ಹಚ್ಚೆ ದಡದಲ್ಲಿ ದಿನಾ ನೋಡಿದ್ದು, ನೀರೊಳಗೆ ನೋಡಿದೆ ಅಂದ್ರಿ. ಸರ್‌ನ ಯಾಕೆ ಉಳಿಸಲಿಲ್ಲ ಅಂತ ಕೇಳ್ತೀವಲ್ಲ? ಅದಕ್ಕೆ ಮಾಸ್ಕ್ ಇರಲಿಲ್ಲ ಅಂದ್ರಿ. ಕಣ್ಣು ಬಿಟ್ಟೆ ಅಂದ್ರೆ ಪರೀಕ್ಷೆ ಪಾಸಾದ ಹಾಗೂ ಆಯ್ತು. ಸರ್ ಜೊತೆ ಕೆಳಗಿದ್ದವರು ಇಬ್ಬರು, ಸುಳ್ಳು ಹೇಳಿದ್ದು ನೀವು. ಮುನೇಶನ ಮನೆ ಹಾಳು ಮಾಡೋಕೆ ಹೊರಟಿದ್ರಲ್ರೀ!"

ಶ್ರೀಧರ್ ದಡ ಹತ್ತಿ ಕಲ್ಲಿನ ಮೇಲೆ ಕೂತ.

"ಇವತ್ತೂ ಕಣ್ಣು ಬಿಡೋಕಾಗಲಿಲ್ಲ ಮೇಡಂ. ಆಗಲ್ಲ ಅಂತ ಸರ್ ಕೈಯಾಡಿಸಿ, ಮೇಲೆ ಹೋಗೋಕೆ ತಿರುಗಿದ್ರು. ಮಾಸ್ಕ್ ಹಾಕ್ಕೊಂಡೆ, ಹಿಂದಿಂದ ವಾಲ್ವ್ ಮುಚ್ಚಿದೆ. ಮೇಲೇಳದ ಹಾಗೆ ಅವರ ಸಿಲಿಂಡರ್ ಪಟ್ಟಿ ಹಿಡ್ಕೊಂಡೆ."

"ಅವರು ಒದ್ದಾಡಲಿಲ್ವಾ?"

"ಒದ್ದಾಡಿದ್ರು. ಕೈ ಹಿಂದೆ ತಂದು ನನ್ನ ಕೈನೇ ಹಿಡ್ಕೊಂಡ್ರು. ನಾನೇ ಅಂತ ಅವರಿಗೆ ಗೊತ್ತಾಗಿರಲಿಲ್ಲ ಅನ್ಸುತ್ತೆ ಮೇಡಂ. ಉಳಿಸೋಕೆ ಬಂದಿದೀನಿ ಅಂದ್ಕೊಂಡ್ರು. ಕೊನೇವರೆಗೂ ಕೈ ಬಿಡಲಿಲ್ಲ."