ಬುಲೆಟ್ ಕಾಲು

ರಾಯಚೂರಿನಲ್ಲಿ ಮೋಟಾರ್ ಸೈಕಲ್ ಕಲಿಸುವವರು ಯಾರೆಂದು ಕೇಳಿದರೆ, ತೀನ್ ಕಂದೀಲು ಸರ್ಕಲ್ಲಿನ ಚಹಾದಂಗಡಿಯವನಿಂದ ಹಿಡಿದು ಗಂಜ್ ಮಾರುಕಟ್ಟೆಯ ಹಮಾಲರವರೆಗೆ ಎಲ್ಲರೂ ಸಿದ್ದರಾಮಪ್ಪನ ಹೆಸರನ್ನೇ ಹೇಳುತ್ತಿದ್ದರು. ಅವನು ತನ್ನ ಹಳೆಯ ಜಾವಾದ ಹಿಂದಿನ ಸೀಟಿನಲ್ಲಿ ಕೂತು, ಅವರಿವರ ಮಕ್ಕಳ ಹೆಗಲು ಹಿಡಿದು, ಕಲಿಸಿ ಕಲಿಸಿ ‘ಉಸ್ತಾದ’ ಎನ್ನಿಸಿಕೊಂಡವನು. ಹೆದರಿದ ತಾಯಂದಿರಿಗೆ ಅವನದು ಒಂದೇ ಮಾತು: “ಕಲಿಯಾಂವ ಬಿದ್ರ ತಪ್ಪು ಕಲಿಸಾಂವಂದು, ಯವ್ವಾ. ನನ್ನ ಹುಡುಗ್ರು ಬೀಳಂಗಿಲ್ಲ.” ಅಂಥವನಿಗೆ 1978ರಲ್ಲಿ ದೇವದುರ್ಗದ ಕಡೆಯಿಂದ ಒಂದು ಮಗ್ಗುಲ ಮುಳ್ಳು ಬಂತು.

ಸರ್ಕಾರ ಆ ವರ್ಷ ಗ್ರಾಮಸೇವಕರಿಗೆ ಮೋಟಾರ್ ಸೈಕಲ್ ಕೊಡುವುದೆಂದೂ, ಅವರಿಗೆ ಕಲಿಸಲು ಒಬ್ಬ ಮಾಸ್ತರನನ್ನು ಕಾಯಂ ಆಗಿ ನೇಮಿಸುವುದೆಂದೂ ಸುದ್ದಿಯಾಯಿತು. ಕಂಡಕಂಡವರೆಲ್ಲ ಮಾಸ್ತರರಾಗುವಂತಿರಲಿಲ್ಲ. ಏಳನೆಯ ಇಯತ್ತೆ ಪಾಸಾಗಿರಬೇಕು, ಲೈಸೆನ್ಸು ಹಳೆಯದಿರಬೇಕು, ಒಂದೂ ಅಪಘಾತ ಮಾಡಿರಬಾರದು, ಕಡೆಗೆ ಮೋಟಾರ್ ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ಪರೀಕ್ಷೆ ಕೊಡಬೇಕು. ಈ ಜರಡಿಯಲ್ಲಿ ಉಳಿದವರು ಇಬ್ಬರೇ: ಸಿದ್ದರಾಮಪ್ಪ ಮತ್ತು ದೇವದುರ್ಗದ ಕಡೆಯ ಮಸರಕಲ್ಲಿನ ಉರುಕುಂದಪ್ಪ. ಈ ಉರುಕುಂದಪ್ಪ ಕಾಲುವೆಯ ಇಂಜಿನಿಯರರನ್ನು ತನ್ನ ಬುಲೆಟ್ಟಿನ ಮೇಲೆ ಕೂರಿಸಿಕೊಂಡು ತಾಲ್ಲೂಕೆಲ್ಲ ತಿರುಗಿದವನು, ಬಿಡುವಿದ್ದಾಗ ನಾಲ್ಕು ಜನರಿಗೆ ಬುಲೆಟ್ ಕಲಿಸಿದವನು. ಸಾಹೇಬರ ಒಲವು ಆ ಹುಡುಗನ ಕಡೆಗೇ ಇದೆಯೆಂದು ಕಚೇರಿಯ ಗುಮಾಸ್ತ ಹೇಳಿದ್ದೇ ತಡ, ಸಿದ್ದರಾಮಪ್ಪ ಅವನನ್ನು ತಡೆಯುವ ಲೆಕ್ಕ ಹಾಕತೊಡಗಿದ. ಕೆಲಸ ಹೋದರೆ ಹೋಗಲಿ, ನಾಳೆ ಊರು ಇನ್ನೊಬ್ಬನನ್ನು ಉಸ್ತಾದ ಎಂದು ಕರೆಯುತ್ತದೆ. ಅದನ್ನು ಕೇಳಿಸಿಕೊಂಡು ಬದುಕುವುದು ಅವನಿಂದಾಗದ ಮಾತು.

ಬಡಿಗೆ ಹಿಡಿಯುವುದು, ಬ್ರೇಕಿನ ತಂತಿ ಕತ್ತರಿಸುವುದು, ಇವೆಲ್ಲ ದಡ್ಡರ ಕೆಲಸ. ಕತ್ತರಿಸಿದ ತಂತಿಯೇ ನಾಳೆ ಸಾಕ್ಷಿ ಹೇಳುತ್ತದೆ. ಸಿದ್ದರಾಮಪ್ಪನಿಗೆ ಬೇಕಾದದ್ದು ಬಾಯಿಲ್ಲದ ಆಯುಧ, ಅದು ಉರುಕುಂದಪ್ಪನ ಮೈಯಲ್ಲೇ ಇತ್ತು. ಬುಲೆಟ್ಟಿನಲ್ಲಿ ಬ್ರೇಕು ಎಡಗಾಲಿಗೆ, ಗೇರು ಬಲಗಾಲಿಗೆ. ಜಾವಾದಲ್ಲಿ ಎಲ್ಲ ತಿರುಗಾಮುರುಗಾ. ಬುಲೆಟ್ಟಿನವನು ಜಾವಾ ಹತ್ತಿ, ಗಾಬರಿಯಲ್ಲಿ ಬ್ರೇಕೆಂದು ಎಡಗಾಲು ಒತ್ತಿದರೆ ಸಿಗುವುದು ಗೇರಿನ ಲಿವರು. ಅದನ್ನು ಒತ್ತಿದೊಡನೆ ಜಾವಾದ ಕ್ಲಚ್ಚು ತಾನೇ ಬಿಟ್ಟುಕೊಳ್ಳುತ್ತದೆ, ಎಂಜಿನ್ನಿನ ಹಿಡಿತ ತಪ್ಪಿ ಗಾಡಿ ಹಗುರಾಗುತ್ತದೆ. ಸಮತಟ್ಟಾದ ನೆಲದಲ್ಲಾದರೆ ನಾಲ್ಕು ಜನ ನಗುತ್ತಾರೆ, ಇಳಿಜಾರಿನಲ್ಲಾದರೆ ಆಸ್ಪತ್ರೆಗೆ ಹೊರುತ್ತಾರೆ. ಹೋದ ವರ್ಷ ಬುಲೆಟ್ಟಿನ ಸಾಹುಕಾರನೊಬ್ಬ “ನಂಗ ಗೊತ್ತದ” ಎನ್ನುತ್ತಲೇ ಇದೇ ಜಾವಾ ಏರಿ, ಹತ್ತಿಯ ಜಿನ್ನಿಂಗ್ ಮಿಲ್ಲಿನ ಗೋಡೆಗೆ ಹೋಗಿ ಬಡಿದಿದ್ದ. ತಲೆಗೆ ಗೊತ್ತಿದ್ದು ಏನು ಬಂತು, ಕಾಲಿಗೆ ಕಿವಿಯಿಲ್ಲ.

ಪರೀಕ್ಷೆಯ ಮೈದಾನವಂತೂ ಅವನಿಗೆ ಮನೆಯಂಗಳ. ಲೈಸೆನ್ಸಿಗೆ ಬಂದವರನ್ನು ಸಾಹೇಬರು ಮೊದಲು ಎಂಟರ ಆಕಾರದಲ್ಲಿ ಸುತ್ತಿಸುತ್ತಾರೆ. ಆಮೇಲೆ ಕೆರೆಯ ಕಡೆಗೆ ಇಳಿಜಾರಿನಲ್ಲಿ ಬಿಡಲು ಹೇಳಿ, ತಾವು ಕೆಳಗೆ ನಿಂತು ಕರವಸ್ತ್ರ ಎತ್ತಿ ಹಿಡಿದಿರುತ್ತಾರೆ. ಅದು ತಟ್ಟನೆ ಕೆಳಗಿಳಿದಾಗ ಗಾಡಿ ಸುಣ್ಣದ ಗೆರೆಯ ಮೇಲೆ ನಿಲ್ಲಬೇಕು. ಗೆರೆ ದಾಟಿದರೆ ಅಗಸರು ಬಟ್ಟೆ ಒಗೆಯುವ ಬಂಡೆಗಳು, ಅವುಗಳಾಚೆ ನೀರು. ಕಾಲು ಮುರಿದರೆ ಸಾಕು ಎಂದುಕೊಂಡ ಸಿದ್ದರಾಮಪ್ಪ. ಹೆಚ್ಚಿನದೇನಾದರೂ ಆದರೆ ಅದು ಶಿವನಿಚ್ಛೆ, ಅದಕ್ಕೆ ಅಡ್ಡ ಬರಲು ತಾನು ಯಾರು? ತನ್ನ ಜಾವಾದ ಕೈಬ್ರೇಕು ಹೆಸರಿಗಷ್ಟೇ ಇರುವುದೂ ಈಗ ಅನುಕೂಲವೇ ಆಗಿತ್ತು. ಅದನ್ನು ಇಷ್ಟು ದಿನ ರಿಪೇರಿ ಮಾಡಿಸದ ತನ್ನ ಸೋಮಾರಿತನದ ಮೇಲೆ ಅವನಿಗೆ ಪ್ರೀತಿ ಹುಟ್ಟಿತು.

ಉಳಿದದ್ದು ಉರುಕುಂದಪ್ಪನ ಬುಲೆಟ್ಟನ್ನು ಆ ದಿನ ದೂರವಿಡುವುದು. ಮಾನ್ವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಮಲಂಗಸಾಬ ಸಿದ್ದರಾಮಪ್ಪನ ಹಳೆಯ ಗೆಳೆಯ. ಅವನ ಮಗನ ಮದುವೆ ಪರೀಕ್ಷೆಯ ಹಿಂದಿನ ದಿನವೇ ಇತ್ತು. ಕುದುರೆಯನ್ನು ಎಲ್ಲರೂ ಹತ್ತುತ್ತಾರೆ, ಮದುಮಗ ಬುಲೆಟ್ಟಿನ ಮೇಲೆ ಬಂದರೆ ಮಾನ್ವಿ ಮುಂದಿನ ರಮ್ಜಾನಿನವರೆಗೂ ಅದನ್ನೇ ಮಾತಾಡುತ್ತದೆ ಎಂದು ಸಿದ್ದರಾಮಪ್ಪ ಆಸೆ ಹುಟ್ಟಿಸಿದ. ಯಾರ ಹತ್ತಿರ ಕೇಳಬೇಕೆಂದೂ ಹೇಳಿದ. ಮದುವೆಗೆಂದು ಕೇಳಿದ್ದನ್ನು ಇಲ್ಲವೆನ್ನುವ ರೂಢಿ ಈ ಸೀಮೆಯಲ್ಲಿಲ್ಲ. ಹಂಡೆ ಕೇಳಲಿ, ಜಮಖಾನೆ ಕೇಳಲಿ, ಕೊರಳಿನ ಸರವನ್ನೇ ಕೇಳಲಿ, ಕೊಡಲೇಬೇಕು. ಉರುಕುಂದಪ್ಪ ಬುಲೆಟ್ ಕೊಟ್ಟ. ಮರುದಿನ ಬೆಳಿಗ್ಗೆ ರಾಯಚೂರಿಗೇ ತಂದು ಒಪ್ಪಿಸುವುದೆಂದು ಮಾತಾಯಿತು. ಮದುಮಗಳನ್ನು ಅದರ ಮೇಲೆ ಕೂರಿಸಿಕೊಂಡು ಬೆಳಿಗ್ಗೆ ದರ್ಗಾಕ್ಕೆ ಹೋಗಿ ಬಂದರೆ ಒಳ್ಳೆಯದೆಂದು ಆ ಮನೆಯವರಿಗೆ ಹೇಳಿಕೊಟ್ಟವನೂ ಸಿದ್ದರಾಮಪ್ಪನೇ.

ಪರೀಕ್ಷೆಯ ದಿನ ಎಲ್ಲವೂ ಅವನು ಅಂದುಕೊಂಡಂತೆಯೇ ನಡೆಯಿತು. ಉರುಕುಂದಪ್ಪ ಬಸ್ಸಿನಲ್ಲಿ ಬಂದು, ಮಾನ್ವಿ ರಸ್ತೆಯ ಕಡೆ ಕತ್ತು ಚಾಚಿ ನಿಂತಿದ್ದ. ಬುಲೆಟ್ಟಿನ ಸುಳಿವಿರಲಿಲ್ಲ. ಗಾಡಿಯಿಲ್ಲದೆ ಪರೀಕ್ಷೆಯಿಲ್ಲ ಎಂದು ಸಾಹೇಬರು ಗಡಿಯಾರ ನೋಡಿಕೊಂಡರು. ಆಗ ಸಿದ್ದರಾಮಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ:

“ಯಾಕ ಚಿಂತಿ ಮಾಡ್ತಿ, ತಮ್ಮಾ? ನನ್ನ ಗಾಡಿ ತಗೋ. ಬ್ರೇಕ್ ಬಲಗಾಲಿಗದ, ಅಷ್ಟು ನೆಪ್ಪಿಟ್ಕೋ.”

“ಜಾವಾ ನಾ ಒಮ್ಮಿನೂ ಮುಟ್ಟಿಲ್ಲ, ಅಣ್ಣಾ.”

“ಅದರಾಗೇನದ? ಹೇಳಿಕೊಟ್ರ ಕೂಸೂ ನಡಸ್ತದ.”

ಈ ಎಚ್ಚರಿಕೆಯೂ ಲೆಕ್ಕಾಚಾರದೊಳಗಿನದೇ. ನಾಳೆ ಯಾರಾದರೂ ಕೇಳಿದರೆ, ಹೇಳಿದ್ದಕ್ಕೆ ಸ್ವತಃ ಸಾಹೇಬರೇ ಸಾಕ್ಷಿ. ಉರುಕುಂದಪ್ಪ ಕಣ್ಣು ತುಂಬಿಕೊಂಡು ಕೈಮುಗಿದ. ತನ್ನ ಒಳ್ಳೆಯತನ ಕಂಡು ಸಿದ್ದರಾಮಪ್ಪ ತಾನೇ ತಲೆದೂಗಿದ.

“ಮೊದಲ ಉಸ್ತಾದರು ಬರ್ರಿ,” ಎಂದರು ಸಾಹೇಬರು. ಸಿದ್ದರಾಮಪ್ಪ ಹ್ಯಾಂಡಲಿಗೆ ಕೈ ಹಾಕಿದ. ಸಾಹೇಬರು ತಡೆದರು: “ನಿಮಗ ಗಾಡಿ ನಡಸಾಕ ಬರ್ತದಂತ ಊರಿಗೇ ಗೊತ್ತದ. ನಾ ನೋಡಬೇಕಾದ್ದು ಕಲಿಸೋದು. ಈ ಗಾಡಿ ಗೊತ್ತಿಲ್ಲದಾಂವ ಇಲ್ಲೇ ಅದಾನಲ್ಲ, ಅವಗ ಕಲಸ್ರಿ. ಕಲಿಯಾಂವ ಬಿದ್ರ ತಪ್ಪು ಕಲಿಸಾಂವಂದು ಅಂತ ನೀವ ಹೇಳ್ತೀರಂತಲ್ಲ.” ಬೇಡವೆನ್ನಲು ಸಿದ್ದರಾಮಪ್ಪನ ಬಾಯಿ ತೆರೆಯಿತು. ಬೇಡವೇಕೆ ಎಂದು ಹೇಳುವಂತಿರಲಿಲ್ಲವಾದ್ದರಿಂದ ಮತ್ತೆ ಮುಚ್ಚಿತು. ಲೈಸೆನ್ಸಿನ ಪರೀಕ್ಷೆಗಳನ್ನು ನೋಡಿ ನೋಡಿ ರೂಢಿಯಾಗಿದ್ದ ಅವನು ಒಂದೇ ಒಂದು ಸಂಗತಿ ಮರೆತಿದ್ದ: ಇದು ಮಾಸ್ತರನ ಪರೀಕ್ಷೆ, ಮಾಸ್ತರನ ಜಾಗ ಹಿಂದಿನ ಸೀಟು. ಇಷ್ಟು ವರ್ಷ ಕೂತು ತಾನೇ ಸವೆಸಿದ್ದ ಆ ಸೀಟಿನ ಮೇಲೆ ಕೂತು ಉರುಕುಂದಪ್ಪನ ಹೆಗಲು ಹಿಡಿದ. ಎಂಟರ ಆಕಾರದ ಸುತ್ತು ಸಲೀಸಾಗಿ ಮುಗಿಯಿತು. ಜಾವಾ ಕೆರೆಯ ಕಡೆಗೆ ಇಳಿಯತೊಡಗಿದಾಗ “ಬಲಗಾಲು, ತಮ್ಮಾ, ಬಲಗಾಲು” ಎಂದು ಅವನ ಕಿವಿಯಲ್ಲಿ ಬಡಬಡಿಸಿದ. “ನಂಗ ಗೊತ್ತದ, ಅಣ್ಣಾ,” ಎಂದ ಉರುಕುಂದಪ್ಪ. ಕೆಳಗೆ ಸಾಹೇಬರ ಕರವಸ್ತ್ರ ಇಳಿಯಿತು, ಉರುಕುಂದಪ್ಪನ ಎಡಗಾಲೂ ಇಳಿಯಿತು. ಗಾಡಿ ಹಗುರಾಯಿತು.