ಹನ್ನೊಂದು ನಿಮಿಷದ ಕೆರೆ

"ಹನ್ನೊಂದು ನಿಮಿಷ ಅಂತ ತೋರಿಸ್ತಿತ್ತು ಮಿಸ್. ಒಂದೂವರೆ ನಿಮಿಷಕ್ಕೇ ಖಾಲಿ. ಒಳಗೆ ಏನೂ ಇಲ್ಲ, ಎಸ್ಕೋನ ತಲೆ ಥರಾನೇ."

ಕೋಲ್ಟನ್ ಇದನ್ನು ಎದ್ದು ನಿಂತು ಹೇಳಿದ. ಐದನೇ ಕ್ಲಾಸಿನ ಮಕ್ಕಳೆಲ್ಲ ಹೆಡ್‌ಫೋನ್ ಕುತ್ತಿಗೆಗಿಳಿಸಿ ನಕ್ಕರು. ಓಡೆಗಾರ್ಡ್ ಮಿಸ್ ನಗು ತಡೆಯಲು ತುಟಿ ಕಚ್ಚಿಕೊಂಡರು. ಆಮೇಲೆ, ಹಾಗೆಲ್ಲ ಅನ್ನಬಾರದು ಎಂದರು. ಅಷ್ಟರಲ್ಲಿ ಅವನು ಅಂದಾಗಿತ್ತು.

ತಮ್ಮ ಊರಿನ ಯಾವುದಾದರೂ ಒಂದು ವಿಷಯದ ಮೇಲೆ ಪ್ರತಿಯೊಬ್ಬರೂ ಪಾಡ್‌ಕಾಸ್ಟ್ ಮಾಡಬೇಕಿತ್ತು. ಇಪ್ಪತ್ತೆರಡು ಮಕ್ಕಳು, ಇಪ್ಪತ್ತೆರಡು ಪಾಡ್‌ಕಾಸ್ಟ್. ಪೀರಿಯಡ್ಡುಗಳು ಮೂರೇ. ಅದಕ್ಕೇ ಮಿಸ್ ಎಲ್ಲರ ಟ್ಯಾಬಿನಲ್ಲೂ ಸ್ಪೀಡನ್ನು ಎರಡಕ್ಕೆ ಏರಿಸಿದ್ದರು. ಯಾರೂ ಮಾತಾಡದ ಜಾಗಗಳನ್ನು ತಾನಾಗಿಯೇ ಕತ್ತರಿಸಿ ಬಿಸಾಡುವ ಬಟನ್ ಒಂದಿತ್ತು. ಅದನ್ನೂ ಒತ್ತಿಸಿದ್ದರು. ಹೀಗೆ ಉಳಿದ ಹೊತ್ತಿನಲ್ಲಿ ಮಕ್ಕಳು ಒಂದು ಫಾರ್ಮ್ ತುಂಬಬೇಕಿತ್ತು. 'ನೀವು ಎಷ್ಟು ಗಮನವಿಟ್ಟು ಕೇಳಿದಿರಿ?' ಎಂಬುದು ಅದರ ಮೊದಲ ಪ್ರಶ್ನೆ. ಎಲ್ಲರೂ ತಮಗೆ ತಾವೇ ಐದು ಸ್ಟಾರ್ ಕೊಟ್ಟುಕೊಂಡಿದ್ದರು.

ಕೋಲ್ಟನ್‌ನ ಪಾಡ್‌ಕಾಸ್ಟ್ ಅವನ ಮಾವ ಹಿಮದ ಮೇಲೆ ಓಡಿಸುವ ಸ್ನೋಮೊಬೈಲ್ ಬಗ್ಗೆ. ಒಂದೇ ಉಸಿರಿಗೆ ಅರಚಿದ್ದ. ಅದರಲ್ಲಿ ಕತ್ತರಿಸಲು ಬಟನ್ನಿಗೆ ಏನೂ ಸಿಗಲಿಲ್ಲ.

ಎಸ್ಕೋನದು ಕೆರೆಯ ಬಗ್ಗೆ. ಅವನ ಮನೆಯ ಹಿಂದೆಯೇ ಕೆರೆ. ಪಕ್ಕದ ಮನೆಯ ವರ್ನಾ ಅಜ್ಜಿ ಚಳಿಗಾಲವಿಡೀ ಅದರ ಮೇಲೆ ಕೂತು ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತಾರೆ. ಥಂಡಿ ಜೋರಾಗಿ ಮಂಜುಗಡ್ಡೆ ದಪ್ಪವಾಗುವಾಗ ಕೆರೆ ಸದ್ದು ಮಾಡುತ್ತದೆ. ಆಚೆ ದಡದಲ್ಲಿ ಯಾರೋ ಉದ್ದದ ತಂತಿ ಮೀಟಿದ ಹಾಗೆ ಶುರುವಾಗಿ, ಕೂತವರ ಕಾಲಡಿಯಲ್ಲೇ ಹಾದು, ಈಚೆ ದಡಕ್ಕೆ ಬಂದು ಗುಡುಗುತ್ತದೆ. ಆದರೆ ಕೆರೆ ಯಾರೋ ಕೇಳಿದರು ಅಂತ ಸದ್ದು ಮಾಡುವುದಿಲ್ಲ. ಕಾಯಬೇಕು.

ಎಸ್ಕೊ ಮೂರು ಸಂಜೆ ವರ್ನಾ ಅಜ್ಜಿಯ ಜೊತೆ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದ. ಎರಡು ಸಂಜೆ ಬರೀ ಮೂಗು ಸೋರಿತು. ಮೂರನೇ ಸಂಜೆ, ಏಳು ನಿಮಿಷ ಸುಮ್ಮನೆ ಕೂತ ಮೇಲೆ, ಕೆರೆ ಗುಡುಗಿತು. ಆ ಏಳು ನಿಮಿಷವನ್ನು ಅವನು ರೆಕಾರ್ಡಿಂಗಿನಿಂದ ತೆಗೆಯಲಿಲ್ಲ. ಕೇಳುವವರಿಗೂ ಸ್ವಲ್ಪ ಚಳಿಯಾಗಲಿ ಎಂಬುದು ಅವನ ಲೆಕ್ಕ.

ಕ್ಲಾಸಿಗೆ ಕೇಳಿಸಿದ್ದು ಇಷ್ಟು. ಮೊದಲು ಮಂಜುಗಡ್ಡೆ ಎಷ್ಟು ಇಂಚು ದಪ್ಪವಿದೆ ಎಂದು ವರ್ನಾ ಅಜ್ಜಿ ಅಳಿಲಿನ ದನಿಯಲ್ಲಿ ಗಡಗಡ ಹೇಳಿದ್ದು. ಆಮೇಲೆ: "ಕೂತ್ಕೊ. ಸುಮ್ನಿರು. ಟುಕ್. ಕೇಳಿಸ್ತಾ? ಟುಕ್. ನಡಿ, ಸೂಪ್ ಆರೋಗುತ್ತೆ."

ಆ 'ಟುಕ್' ಅನ್ನುವುದೇ ಕೆರೆ.

ಕೋಲ್ಟನ್ ಅಂದಿದ್ದು ಎಸ್ಕೋಗೆ ಉರಿಯಿತು, ನಿಜ. ಆದರೆ ಅವನು ಪಾಡ್‌ಕಾಸ್ಟನ್ನು ಕೋಲ್ಟನ್‌ಗೆ ಅಂತ ಮಾಡಿರಲಿಲ್ಲ, ಅಪ್ಪನಿಗೆ ಅಂತ ಮಾಡಿದ್ದ. ಅಪ್ಪ ಹುಟ್ಟಿ ಬೆಳೆದದ್ದು ಇದೇ ಮನೆಯಲ್ಲಿ. ಕೆರೆ ಸದ್ದು ಮಾಡುವುದನ್ನು ಕೇಳಿದ್ದೀಯಾ ಎಂದು ಎಸ್ಕೊ ಒಮ್ಮೆ ವಿಚಾರಿಸಿದಾಗ ಅಪ್ಪ ಕಿವಿಯಿಂದ ಒಂದು ಇಯರ್‌ಬಡ್ ತೆಗೆದು, "ಹೌದಾ? ಮಾಡುತ್ತಾ?" ಅಂದಿದ್ದರು. ಮತ್ತೆ ಬಡ್ ಸಿಕ್ಕಿಸಿಕೊಂಡಿದ್ದರು.

ಅಪ್ಪ ಊರೂರಿನ ಹಲ್ಲಿನ ಡಾಕ್ಟರುಗಳಿಗೆ ಕುರ್ಚಿ ಮಾರುತ್ತಾರೆ. ದಿನವಿಡೀ ಕಾರು, ಕಾರಿನಲ್ಲಿ ಪಾಡ್‌ಕಾಸ್ಟ್, ಎಲ್ಲವೂ ಎರಡೂವರೆ ಪಟ್ಟು ಸ್ಪೀಡಿನಲ್ಲಿ. ತಾಳ್ಮೆ ಬೆಳೆಸಿಕೊಳ್ಳುವುದು ಹೇಗೆ ಎಂಬ ಹನ್ನೆರಡು ಕಂತುಗಳನ್ನು ಡುಲೂತ್ ನಗರಕ್ಕೆ ಹೋಗಿ ಬರುವುದರೊಳಗೆ ಮುಗಿಸಿದ್ದರು. ಮಕ್ಕಳ ಜೊತೆ ಹೊತ್ತು ಕಳೆಯುವುದರ ಮಹತ್ವದ ಬಗ್ಗೆ ಕೇಳುತ್ತಿದ್ದಾಗ ಎಸ್ಕೋನ ನಾಲ್ಕು ವರ್ಷದ ತಂಗಿ ಟಿಲ್ಲಿ ಬಂದು ತೋಳು ಜಗ್ಗಿದಳು. ಅಪ್ಪ ಒಂದು ಬೆರಳೆತ್ತಿ, ತಡಿ ಎಂದರು. ಟಿಲ್ಲಿಗೂ ಮಲಗುವ ಹೊತ್ತಿನ ಕತೆಗಳು ಒಂದೂವರೆ ಪಟ್ಟು. ಅವಳಿಗೆ ಕತೆ ಹೇಳು ಅಂದರೆ, "ಒಂದೂರಲ್ಲಿ-ಒಬ್ಬ-ರಾಜ-ಇದ್ದ-ಸತ್ತ" ಎಂದು ಒಂದೇ ಗುಟುಕಿಗೆ ಮುಗಿಸುತ್ತಾಳೆ.

ವರ್ಷದ ಕೊನೆಗೆ ಪಾಡ್‌ಕಾಸ್ಟಿನ ಆ್ಯಪ್ ಅಪ್ಪನಿಗೆ ಅಭಿನಂದನೆ ಕಳಿಸಿತು. ನೀವು ಈ ವರ್ಷ ಹತ್ತೊಂಬತ್ತು ದಿನ ಉಳಿಸಿದ್ದೀರಿ. ಅಪ್ಪ ಅದನ್ನು ಊಟದ ಮೇಜಿನ ಬಳಿ ಗಟ್ಟಿಯಾಗಿ ಓದಿದರು.

"ಎಲ್ಲಿಟ್ಟಿದೀಯಪ್ಪ ಅವನ್ನ?" ಎಂದು ಎಸ್ಕೊ ಕೇಳಿದ.

"ಎಲ್ಲಿಡ್ತಾರೋ? ಇನ್ನಷ್ಟು ಕೇಳೋದಕ್ಕೆ ಹಾಕ್ದೆ."

ಅದರಲ್ಲಿ ಒಂದು ದಿನ ಗ್ಯಾರೇಜ್ ಗುಡಿಸುವುದಕ್ಕೆ ಹಾಕಿದ್ದರೂ ಆಗುತ್ತಿತ್ತು ಎಂದು ಅಮ್ಮ ಆಲೂಗಡ್ಡೆ ಬಡಿಸುತ್ತಾ ಹೇಳಿದರು. ಅಪ್ಪನಿಗೆ ಅದು ಕೇಳಿಸಲಿಲ್ಲ.

ಮನೆಯವರೂ ಪಾಡ್‌ಕಾಸ್ಟ್ ಕೇಳಿ ಸಹಿ ಹಾಕಬೇಕೆಂದು ಮಿಸ್ ಚೀಟಿ ಕೊಟ್ಟಿದ್ದರು. ಶುಕ್ರವಾರ ಸಂಜೆ ಎಸ್ಕೊ ಚೀಟಿ ಕೊಟ್ಟ, ಲಿಂಕ್ ಕಳಿಸಿದ. ಅಪ್ಪ ಬೂಟು ಬಿಚ್ಚುವಷ್ಟರಲ್ಲಿ ಕೇಳಿ ಮುಗಿಸಿ ಸಹಿ ಹಾಕಿದರು. ಅವರ ಫೋನಿನಲ್ಲೂ ಅದೇ ಕತ್ತರಿಸುವ ಬಟನ್ ಇತ್ತು. ತುಂಬಾ ಚೆನ್ನಾಗಿದೆ ಎಂದರು. ಮುಖ್ಯವಾಗಿ, ಎಲ್ಲೂ ಎಳೆದಿಲ್ಲ. ದೊಡ್ಡವರ ಪಾಡ್‌ಕಾಸ್ಟುಗಳಲ್ಲೇ ಇಷ್ಟು ಬಿಗಿ ಇರುವುದಿಲ್ಲ ಎಂದು ಬೆನ್ನು ತಟ್ಟಿದರು.

"ಕೆರೆ ಕೇಳಿಸ್ತಾ ಅಪ್ಪ?"

"ಕೆರೆ ಬಗ್ಗೆ ತಾನೇ? ಕೇಳಿಸ್ತಲ್ಲ. ಇಂಚು ಗಿಂಚು ಎಲ್ಲ ಹೇಳಿದಾರೆ."

ಎಸ್ಕೊ ಚೀಟಿಯನ್ನು ಬ್ಯಾಗಿಗೆ ಹಾಕಲಿಲ್ಲ. ಇನ್ನೊಂದು ಸಲ ಕೇಳು, ಒಂದರ ಸ್ಪೀಡಿನಲ್ಲಿ, ನನ್ನ ಜೊತೆ ಕೂತು ಕೇಳು ಎಂದು ಪಟ್ಟು ಹಿಡಿದ. ಅಪ್ಪ ಕ್ಯಾಲೆಂಡರ್ ನೋಡಿ, ಶನಿವಾರ ಹತ್ತೂಕಾಲು ಎಂದು ಬರೆದುಕೊಂಡರು.

ಶನಿವಾರ ಹತ್ತೂಕಾಲಿಗೆ ಇಬ್ಬರೂ ಅಡಿಗೆಮನೆಯ ಮೇಜಿನ ಎದುರು ಕೂತರು. ಎಸ್ಕೊ ತಾನೇ ಸ್ಪೀಡು ಇಳಿಸಿದ, ಕತ್ತರಿಸುವ ಬಟನ್ ಆಫ್ ಮಾಡಿದ. ವರ್ನಾ ಅಜ್ಜಿಯ ನಿಜವಾದ ದನಿ ಬಂತು, ಒರಟಾಗಿ, ನಿಧಾನವಾಗಿ. ಇವರಿಗೆ ಮೈ ಸರಿಯಿಲ್ಲವಾ ಎಂದು ಅಪ್ಪ ಕೇಳಿದರು. ಆಮೇಲೆ ಅಜ್ಜಿ ಸುಮ್ಮನಾದರು. ಗಾಳಿಯಷ್ಟೇ ಉಳಿಯಿತು.

ಇಪ್ಪತ್ತು ಸೆಕೆಂಡ್ ಆಯಿತು.

"ನಿಂತೋಯ್ತಾ?"

"ಇಲ್ಲಪ್ಪ. ನಡೀತಿದೆ."

ಅಪ್ಪ ತಲೆಯಾಡಿಸಿದರು. ಮಂಡಿ ಕುಣಿಯಲು ಶುರುವಾಯಿತು. ಉಪ್ಪಿನ ಡಬ್ಬಿಯ ಹಿಂದೆ ಬರೆದದ್ದನ್ನು ಓದಿದರು. ಎದ್ದು ಡಿಶ್‌ವಾಷರ್ ತೆಗೆದು ಎರಡು ಕಪ್ ಎತ್ತಿಟ್ಟು ಬಂದರು. ಒಂದು ನಿಮಿಷವೂ ಆಗಿರಲಿಲ್ಲ. ಅವರ ಮುಖ ಕೆಂಪಾಗಿತ್ತು, ನೀರಿನೊಳಗೆ ಉಸಿರು ಕಟ್ಟಿ ಕೂತವರ ಹಾಗೆ. ಅಪ್ಪ ಬೇಕೆಂದೇ ಹೀಗೆ ಮಾಡುತ್ತಿದ್ದಾರೆ ಎಂದು ಎಸ್ಕೊ ಅಂದುಕೊಂಡಿದ್ದ. ಈಗ ಅನುಮಾನವಾಯಿತು. ಅಪ್ಪನಿಗೆ ನಿಜವಾಗಿಯೂ ಆಗುತ್ತಿರಲಿಲ್ಲ.

ಅಪ್ಪನ ಹೆಬ್ಬೆರಳು ಮೇಜಿನ ಮೇಲೆ ತೆವಳಿಕೊಂಡು ಫೋನಿನ ಹತ್ತಿರ ಬಂತು. ಮೂವತ್ತು ಸೆಕೆಂಡ್ ಮುಂದೆ ಹಾರಿತು. ಮತ್ತೆ ಮೂವತ್ತು. ಮತ್ತೆ, ಮತ್ತೆ. ಕೊನೆಯ ನೆಗೆತದಲ್ಲಿ ಕೆರೆಯನ್ನೂ ದಾಟಿಬಿಟ್ಟಿತು.

"ನಡಿ, ಸೂಪ್ ಆರೋಗುತ್ತೆ," ಎಂದರು ಫೋನಿನೊಳಗಿನ ಅಜ್ಜಿ.

ಅಪ್ಪ ಬೆಪ್ಪಾಗಿ ಫೋನು ನೋಡಿದರು, ಮಗನನ್ನು ನೋಡಿದರು. ಆಮೇಲೆ ಮೆತ್ತಗೆ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಕೇಳಿದರು.

"ಮಧ್ಯದಲ್ಲಿ ಏನಾಗುತ್ತೆ ಅಂತ ನೀನೇ ಹೇಳ್ಬಿಡೋ. ಚಿಕ್ಕದಾಗಿ."

ಎಸ್ಕೊ ಬಾಯಿ ತೆರೆದ. ತಂತಿ ಮೀಟಿದ ಹಾಗೆ ಅನ್ನಬಹುದಿತ್ತು, ಗುಡುಗು ಅನ್ನಬಹುದಿತ್ತು. ಎರಡು ಸೆಕೆಂಡಿನ ಮಾತು. ಅಪ್ಪ ಆಗ ತಲೆಯಾಡಿಸಿ, ಓಹೋ ಗೊತ್ತಾಯ್ತು ಅನ್ನುತ್ತಾರೆ, ಚೀಟಿ ಕೇಳುತ್ತಾರೆ.

ಅವನು ಕುರ್ಚಿಯನ್ನು ಸದ್ದಾಗದಂತೆ ಹಿಂದೆ ಸರಿಸಿದ. ಕೋಟು ಹಾಕಿಕೊಂಡ, ಟೋಪಿ ಹಾಕಿಕೊಂಡ, ಬೂಟಿನ ಲೇಸನ್ನು ಎರಡೂ ಕಾಲಿಗೆ ಸರಿಯಾಗಿ ಕಟ್ಟಿದ. ಹಿತ್ತಲ ಬಾಗಿಲು ತೆಗೆದಾಗ ತಣ್ಣನೆಯ ಗಾಳಿ ಮೇಜಿನವರೆಗೂ ಬಂತು.

"ಎಸ್ಕೊ. ಎಲ್ಲಿಗೋ?" ಅಪ್ಪ ಎದ್ದು ಬಾಗಿಲಿಗೆ ಬಂದರು. ಕಾಲಲ್ಲಿ ಬರೀ ಸಾಕ್ಸ್. "ಎಷ್ಟು ಹೊತ್ತಾಗುತ್ತೆ?"

ಎಸ್ಕೊ ಹಿಮವನ್ನು ಒಂದೊಂದೇ ಹೆಜ್ಜೆ ತುಳಿಯುತ್ತಾ ದಡದ ಕಡೆಗೆ ನಡೆದ.